ಪ್ರಶಸ್ತಿ ಬಂದ ಮೇಲೆ ಲಿಂಕ್ ಕೇಳೋರು

ಇಲ್ಲಿ ಏನಾದ್ರೂ ಬರೆದು ತುಂಬಾ ದಿನ ಆಯ್ತು. ಕೆಲಸ, ಶಿಫ್ಟು, ನಡುವೆ ಮನೆಗೆ ಸುಣ್ಣ ಬಣ್ಣದ ರಗಳೆ... ಬರೆಯದೆ ಇರೋದಕ್ಕೆ ಕಾರಣಗಳಿಗೇನು ಬರ? ಆದ್ರೆ ಇದೊಂದು ವಿಷಯ ಬಹಳ ದಿನದಿಂದ ತಲೆ ಕೊರೀತಿದೆ. ಬರೆದು ಮುಗಿಸಿಬಿಡೋಣ ಅಂತ ಕೂತಿದೀನಿ. ಸ್ವಲ್ಪ ಖಾರ ಜಾಸ್ತಿ ಆದ್ರೆ ಸಹಿಸ್ಕೊಳ್ಳಿ. ಬೈಸಿಕೊಳ್ಳೋರ ಪಟ್ಟಿಯಲ್ಲಿ ನನ್ನ ಹೆಸರೇ ಮೊದಲಿದೆ.

ಹಿನಕಲ್ ನೋಡಿಲ್ಲದವರಿಗೆ ಒಂದು ಮಾತು. ಮೈಸೂರಿಂದ ಹುಣಸೂರು ರಸ್ತೆ ಹಿಡಿದು ಬಂದ್ರೆ ರಿಂಗ್ ರೋಡು ಅಡ್ಡ ಬರೋ ಕಡೆ ಒಂದು ಫ್ಲೈಓವರ್ ಸಿಗುತ್ತಲ್ಲ, ಅದೇ ನಮ್ಮೂರು. ಸುತ್ತ ಬಡಾವಣೆಗಳು ಎದ್ದು ಊರನ್ನ ನುಂಗಿ ಹಾಕಿವೆ. ಆದ್ರೂ ಒಳಗೆ ನನ್ನೇಶ್ವರನ ಗುಡಿ ಇರೋ ಹಳೇ ಊರು ಇನ್ನೂ ಊರಿನ ಥರಾನೇ ಇದೆ. ಜಗುಲಿ ಮೇಲೆ ಕೂತು ಪೇಪರ್ ಓದೋರು ಇದಾರೆ. ಅವರಲ್ಲೊಬ್ಬರು ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು. ಪೇಪರ್ ಅಂದ್ರೆ ಅವರಿಗೆ ಮೊದಲ ಪುಟದಿಂದ ಕೊನೆ ಪುಟದ ತನಕ, ಟೆಂಡರ್ ಜಾಹೀರಾತನ್ನೂ ಬಿಡಲ್ಲ.

2025ರ ಆಗಸ್ಟ್ 1ಕ್ಕೆ 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಘೋಷಣೆಯಾದವು. ಯಶೋದಾ ಪ್ರಕಾಶ್ ನಿರ್ದೇಶನದ 'ಕಂದೀಲು' ಅತ್ಯುತ್ತಮ ಕನ್ನಡ ಚಿತ್ರ ಅಂತ ಬಂತು. ಮಾರನೇ ದಿನ ಬೆಳಿಗ್ಗೆ ನಾನು ಹಾಲು ತರೋಕೆ ಹೊರಟಿದ್ದೆ, ಮೇಷ್ಟ್ರು ಹಿಡಿದು ನಿಲ್ಲಿಸಿದ್ರು.

"ಏನಪ್ಪಾ ಸಿನಿಮಾ ಪಂಡಿತ, ಇದ್ಯಾವ್ದಿದು ಕಂದೀಲು? ಯಾವಾಗ ಬಂದಿತ್ತು? ನಮ್ಮ ಮೈಸೂರಲ್ಲಿ ಎಲ್ಲಿ ಹಾಕಿದ್ರು?"

"ಗೊತ್ತಿಲ್ಲ ಮೇಷ್ಟ್ರೇ, ನಾನೂ ನೋಡಬೇಕು."

"ನೋಡ್ಬೇಕಾ? ಮತ್ತೆ ರಾತ್ರಿ ಏನೋ ಬರ್ದಿದ್ಯಂತೆ, ನಮ್ಮ ಮೊಮ್ಮಗಳು ಫೋನಲ್ಲಿ ತೋರಿಸಿದ್ಲು. ಕನ್ನಡಕ್ಕೆ ಹೆಮ್ಮೆಯ ಕ್ಷಣ, ನೋಡಲೇಬೇಕಾದ ಸಿನಿಮಾ ಅಂತ?"

ಕೈಯಲ್ಲಿದ್ದ ಹಾಲಿನ ಕ್ಯಾನಲ್ಲಿ ಮುಖ ಮುಚ್ಚಿಕೊಳ್ಳೋ ಹಾಗಿತ್ತು. ಮೇಷ್ಟ್ರು ನಗ್ತಾನೇ ಹೇಳಿದ್ದು, ಬೈಯ್ಲಿಲ್ಲ. ಬೈದಿದ್ರೆ ವಾಸಿ ಇತ್ತು.

ಆ ಒಂದು ಪ್ರಶ್ನೆ ಇಟ್ಕೊಂಡು ಆ ವಾರ ಎಲ್ಲರ ಬರಹಗಳನ್ನೂ ಮತ್ತೆ ಓದಿದೆ. ನನ್ನ ಥರದ ಹವ್ಯಾಸಿಗಳು, ಪೇಪರ್‌ನಲ್ಲಿ ವಿಮರ್ಶೆ ಬರೆಯೋರು, ಯೂಟ್ಯೂಬಲ್ಲಿ ಮಾತಾಡೋರು, ಎಲ್ಲರೂ. ಪ್ರಶಸ್ತಿ ಬಂದ ಸಂಜೆ ಐದಕ್ಕೇ ಅಭಿನಂದನೆ ಶುರು. ಆರಕ್ಕೆ ಹೆಮ್ಮೆ. ಏಳಕ್ಕೆ "ಇಂಥ ಸಿನಿಮಾಗಳನ್ನ ನಾವು ನೋಡಿ ಗೆಲ್ಲಿಸಬೇಕು" ಅನ್ನೋ ಉಪದೇಶ. ರಾತ್ರಿ ಹತ್ತಕ್ಕೆ ವಾಟ್ಸಾಪ್ ಗುಂಪಲ್ಲಿ ಮೆಲ್ಲಗೆ ಒಂದು ಮೆಸೇಜು: "ಗುರು, ಲಿಂಕ್ ಇದ್ರೆ ಕಳ್ಸು." ಉಪದೇಶ ಮಾಡಿದವನೇ ಲಿಂಕ್ ಕೇಳ್ತಿರೋನು!! ಆಮೇಲೆ ಶನಿವಾರ ಭಾನುವಾರ ಕೂತು, ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡಿ, ಸೋಮವಾರ ವಿಮರ್ಶೆ. ಅದರಲ್ಲಿ 'ಸೂಕ್ಷ್ಮ' ಅನ್ನೋ ಪದ ನಾಲ್ಕು ಸಲ, 'ಕಾವ್ಯಾತ್ಮಕ' ಅನ್ನೋದು ಎರಡು ಸಲ, 'ಮನಮುಟ್ಟುವ' ಕಡ್ಡಾಯ. ಮಂಗಳವಾರದ ಹೊತ್ತಿಗೆ ಸಿನಿಮಾ ಹೆಸರೂ ಮರೆತಿರುತ್ತೆ. ಮುಂದಿನ ಪಟ್ಟಿ ಬರೋ ತನಕ ನೆಮ್ಮದಿ.

"ಅಯ್ಯೋ, ಬಿಟ್ಟುಹೋದ ಸಿನಿಮಾನ ಆಮೇಲೆ ನೋಡಿದ್ರೆ ತಪ್ಪೇನ್ರೀ? ಇಡೀ ಪ್ರಪಂಚದಲ್ಲಿ ಹಾಗೇ ಮಾಡ್ತಾರೆ" ಅಂತ ಗೆಳೆಯನೊಬ್ಬ ವಾದ ಮಾಡಿದ. ಅಮೆರಿಕದ ಉದಾಹರಣೆ ಬೇರೆ ಕೊಟ್ಟ. ನಿಜ, ಅಲ್ಲಿ ಇದಕ್ಕೊಂದು ಹೆಸರೇ ಇದೆ, ಅವಾರ್ಡ್ ಸೀಸನ್ ಅಂತ. ವರ್ಷದ ಕೊನೆ ಬಂತು ಅಂದ್ರೆ ಅಲ್ಲಿನ ವಿಮರ್ಶಕರು ಬಿಟ್ಟುಹೋದ ಸಿನಿಮಾಗಳನ್ನ ಗುಡ್ಡೆ ಹಾಕಿಕೊಂಡು ನೋಡ್ತಾರೆ. ಆದ್ರೆ ನೋಡೋದು ಯಾವಾಗ? ತಾವು ವೋಟು ಹಾಕೋದಕ್ಕೆ ಮುಂಚೆ, ತಮ್ಮ ವರ್ಷದ ಪಟ್ಟಿ ಮಾಡೋದಕ್ಕೆ ಮುಂಚೆ. ನಾವು ನೋಡೋದು ಬೇರೆಯವರು ತೀರ್ಪು ಕೊಟ್ಟಾದ ಮೇಲೆ. ಅವರದ್ದು ಪರೀಕ್ಷೆಯ ಹಿಂದಿನ ರಾತ್ರಿ ಓದೋ ಚಾಳಿ ಅನ್ನಿ. ನಮ್ಮದು ರಿಸಲ್ಟ್ ಬಂದ ಮೇಲೆ ಪುಸ್ತಕ ಕೊಳ್ಳೋದು.

ಹಾಗಂತ ಅಲ್ಲಿಯವರೇನು ಸತ್ಯಹರಿಶ್ಚಂದ್ರರಲ್ಲ. ಆಸ್ಕರ್ ಕೊಡೋ ಅಕಾಡೆಮಿ 2025ರ ಏಪ್ರಿಲ್‌ನಲ್ಲಿ ಒಂದು ಹೊಸ ನಿಯಮ ತಂತು. ಯಾವುದೇ ವಿಭಾಗದ ಕೊನೇ ಸುತ್ತಿನಲ್ಲಿ ವೋಟು ಹಾಕಬೇಕಾದ್ರೆ ಆ ವಿಭಾಗದಲ್ಲಿ ನಾಮನಿರ್ದೇಶನ ಆಗಿರೋ ಎಲ್ಲಾ ಸಿನಿಮಾನೂ ನೋಡಿರಬೇಕಂತೆ. ಮೊದಲ ಸಮಾರಂಭ ನಡೆದದ್ದು 1929ರಲ್ಲಿ. ಲೆಕ್ಕ ನೀವೇ ಹಾಕ್ಕೊಳ್ಳಿ! ಆದ್ರೂ ಅಲ್ಲಿ ಒಂದು ಶಿಸ್ತಿದೆ. ಆಸ್ಕರ್ ಅತ್ಯುತ್ತಮ ಚಿತ್ರದ ಸ್ಪರ್ಧೆಗೆ ಬರಬೇಕಾದ್ರೆ ಸಿನಿಮಾ ಥಿಯೇಟರಿನಲ್ಲಿ ಕನಿಷ್ಠ 7 ದಿನ ಓಡಿರಬೇಕು. ನಮ್ಮ ರಾಷ್ಟ್ರೀಯ ಪ್ರಶಸ್ತಿಗೆ ಆ ವರ್ಷ ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕಿದ್ರೆ ಸಾಕು, ಬಿಡುಗಡೆ ಆಗಲೇಬೇಕು ಅಂತಿಲ್ಲ. ಇದು ಒಂದು ರೀತಿ ಒಳ್ಳೇದೇ, ದುಡ್ಡಿಲ್ಲದ ನಿರ್ಮಾಪಕನಿಗೂ ಅವಕಾಶ ಸಿಗುತ್ತೆ. ಆದ್ರೆ ಇದರಿಂದಲೇ ಯಾರೂ ನೋಡದ ಸಿನಿಮಾಕ್ಕೆ ಎಲ್ಲರೂ ಚಪ್ಪಾಳೆ ತಟ್ಟೋ ವಿಚಿತ್ರ ಹುಟ್ಟಿಕೊಂಡಿರೋದು.

ಪ್ರಶಸ್ತಿಯಿಂದ ಸಿನಿಮಾಕ್ಕೆ ಉಪಕಾರ ಆಗೋದೇ ಇಲ್ಲ ಅಂತಲ್ಲ. ಬಿ.ಎಸ್. ಲಿಂಗದೇವರು ಅವರ 'ನಾನು ಅವನಲ್ಲ... ಅವಳು' ಸಿನಿಮಾಕ್ಕೆ ಸಂಚಾರಿ ವಿಜಯ್‌ಗೆ ಅತ್ಯುತ್ತಮ ನಟ ಪ್ರಶಸ್ತಿ ಬಂದದ್ದು 2015ರ ಮಾರ್ಚ್‌ನಲ್ಲಿ. ಸಿನಿಮಾ ಥಿಯೇಟರಿಗೆ ಬಂದದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ. ಹೆಸರು ಕೇಳಿದ್ದ ಜನ ಹೋಗಿ ನೋಡೋದಕ್ಕೆ ಒಂದು ಜಾಗ ಇತ್ತು, ಒಂದು ದಿನಾಂಕ ಇತ್ತು. 'ತಿಥಿ'ಯೂ ಹಾಗೇ. 2016ರ ಮಾರ್ಚ್ ಕೊನೆಗೆ ಪ್ರಶಸ್ತಿ, ಮೇ ತಿಂಗಳಲ್ಲಿ ಬಿಡುಗಡೆ. ಗಡ್ಡಪ್ಪನ್ನ ಮಂಡ್ಯ ಮೈಸೂರಿನ ಜನ ತಮ್ಮ ಮನೆ ಅಜ್ಜನ ಥರ ಹಚ್ಚಿಕೊಂಡ್ರು. ಅವತ್ತು ಪ್ರಶಸ್ತಿ ನೋಡಿ ಸಿನಿಮಾ ನೋಡಿದವರನ್ನ ನಾನ್ಯಾಕೆ ಬೈಯಲಿ, ಟಿಕೆಟ್ ಕೊಂಡು ನೋಡಿದ್ರು ಸ್ವಾಮೀ.

ಆದ್ರೆ 2019ರಿಂದ ಈಚೆ ಆ ಕ್ಯಾಲೆಂಡರೇ ಕೆಟ್ಟುಹೋಯ್ತು. 66ನೇ ಪ್ರಶಸ್ತಿ ಚುನಾವಣೆ ಕಾರಣಕ್ಕೆ ಆಗಸ್ಟ್‌ಗೆ ಹೋಯ್ತು. ಆಮೇಲೆ ಕೊರೋನಾ. 71ನೆಯದರಲ್ಲಿ 2025ರ ಆಗಸ್ಟ್‌ನಲ್ಲಿ ಗೌರವ ಸಿಕ್ಕಿದ್ದು 2023ರಲ್ಲಿ ಸೆನ್ಸಾರ್ ಆದ ಸಿನಿಮಾಗಳಿಗೆ. ಅಷ್ಟು ಹೊತ್ತಿಗೆ ಥಿಯೇಟರಿಗೆ ಬಂದಿದ್ದ ಸಿನಿಮಾ ಬಂದು ಹೋಗಿ ಪೋಸ್ಟರ್ ಕೂಡಾ ಹಸು ತಿಂದಿರುತ್ತೆ. ಇವಾಗ "ನೋಡಿ ಗೆಲ್ಲಿಸಿ" ಅಂತ ಬರೆದ್ರೆ ಎಲ್ಲಿಗೆ ಹೋಗಿ ಗೆಲ್ಲಿಸೋದು? ಸಿನಿಮಾ ಬದುಕಿದ್ದಾಗ ಮಾತಾಡಿಸದವರು ವೈಕುಂಠ ಸಮಾರಾಧನೆಗೆ ಬಂದು ಹೊಟ್ಟೆ ತುಂಬಾ ಉಂಡು ಹೋದ ಹಾಗೆ.

ಇನ್ನು ರಾಜ್ಯ ಪ್ರಶಸ್ತಿ ಕತೆ ಕೇಳಲೇಬೇಡಿ. 2019ನೇ ಸಾಲಿನ ಪಟ್ಟಿ ಬಂದದ್ದು 2025ರ ಜನವರಿಯಲ್ಲಿ! ಪಿ. ಶೇಷಾದ್ರಿಯವರ 'ಮೋಹನದಾಸ' ಅತ್ಯುತ್ತಮ ಚಿತ್ರ. 'ಪೈಲ್ವಾನ್'ಗೆ ಅತ್ಯುತ್ತಮ ನಟ ಅಂತ ಬಂದ ಪ್ರಶಸ್ತಿಯನ್ನ ಸುದೀಪ್ ನಯವಾಗಿ ಬೇಡ ಅಂದ್ರು. ಅದೊಂದೇ ಸುದ್ದಿ ಆಯ್ತು, 'ಮೋಹನದಾಸ' ಬಗ್ಗೆ ಎರಡು ಸಾಲು ಬರೆದವರನ್ನ ನಾನಂತೂ ಕಾಣ್ಲಿಲ್ಲ. ಐದು ವರ್ಷದ ಹಿಂದಿನದನ್ನ ಹುಡುಕಿ ನೋಡೋದು ವಿಮರ್ಶೆ ಅಲ್ಲ, ಪ್ರಾಚ್ಯವಸ್ತು ಇಲಾಖೆ ಕೆಲಸ.

ಇರ್ಲಿ, ಸರ್ಕಾರನ ಬೈಯೋದು ಸುಲಭ. ನನ್ನ ಜಗಳ ನಮ್ಮ ಜೊತೆ, ಬರೆಯೋರ ಜೊತೆ.

2018ರ ಡಿಸೆಂಬರ್ ನೆನಪಿದೆಯಾ? 21ಕ್ಕೆ 'ಕೆಜಿಎಫ್' ಮೊದಲ ಭಾಗ ಬಂತು. ಊರಿಗೆ ಊರೇ ಅದರ ಹಿಂದೆ. ಸರಿಯಾಗಿ ಒಂದು ವಾರಕ್ಕೆ, 28ನೇ ತಾರೀಖು, ಮಂಸೋರೆ ಅವರ 'ನಾತಿಚರಾಮಿ' ಬಂತು. ಗಂಡ ಸತ್ತ ಹೆಣ್ಣುಮಗಳೊಬ್ಬಳ ಮೈಯ ಬಯಕೆ ಬಗ್ಗೆ ನೇರವಾಗಿ ಮಾತಾಡಿದ ಸಿನಿಮಾ. ಸಂಧ್ಯಾರಾಣಿ ಬರೆದದ್ದು, ಶ್ರುತಿ ಹರಿಹರನ್, ಸಂಚಾರಿ ವಿಜಯ್ ನಟಿಸಿದ್ದು. ನಮ್ಮ ಮನೆಗಳಲ್ಲಿ ಎದ್ದರೆ ಎರಡು ದಿನ ಊಟದ ತಟ್ಟೆ ಮುಂದೆ ಜಗಳ ಆಗೋವಂಥ ವಿಷಯ. ಜಗಳ ಆಗಬೇಕಾಗಿತ್ತು ಕೂಡಾ. ಆಗಲಿಲ್ಲ, ಯಾಕಂದ್ರೆ ನಾವೆಲ್ಲ ಕೂತು ಕೆಜಿಎಫ್ ಮೊದಲ ದಿನದ ಗಳಿಕೆ ಲೆಕ್ಕ ಹಾಕ್ತಿದ್ವಿ. ನಾನೂ ಹಾಕಿದೆ, ಅದರ ಬಗ್ಗೆ ಇಲ್ಲೇ ಮೂರು ಕಂತು ಬರೆದೆ. 2019ರ ಆಗಸ್ಟ್ 9ಕ್ಕೆ 'ನಾತಿಚರಾಮಿ'ಗೆ ಐದು ರಾಷ್ಟ್ರೀಯ ಪ್ರಶಸ್ತಿ ಬಂತು. ಕನ್ನಡದ ಅತ್ಯುತ್ತಮ ಚಿತ್ರ, ಬಿಂದುಮಾಲಿನಿ ಅವರ ಹಾಡಿಗೆ, ಸಾಹಿತ್ಯಕ್ಕೆ, ಸಂಕಲನಕ್ಕೆ, ಶ್ರುತಿಗೆ ವಿಶೇಷ ಉಲ್ಲೇಖ. ಆವಾಗ ಶುರುವಾಯ್ತು ನೋಡಿ, "ಹೆಣ್ಣಿನ ಅಂತರಂಗವನ್ನ ಸೂಕ್ಷ್ಮವಾಗಿ..." ಅಂತ. ಡಿಸೆಂಬರ್ ಕೊನೆ ವಾರದಲ್ಲಿ ಬರೆದಿದ್ರೆ ಯಾರೋ ಒಬ್ಬರು ಒಂದು ಶೋಗೆ ಹೋಗಿರೋರು. ಇಬ್ಬರು ಹೋಗಿದ್ರೆ ಮನೆಗೆ ಬಂದು ನಾಲ್ಕು ಜನಕ್ಕೆ ಹೇಳಿರೋರು. ಸಣ್ಣ ಸಿನಿಮಾ ಬದುಕೋದೇ ಹಾಗೆ, ಒಬ್ಬರ ಬಾಯಿಂದ ಒಬ್ಬರಿಗೆ. ಅದಕ್ಕೆ ಸಿಗೋದು ಶುಕ್ರವಾರದಿಂದ ಸೋಮವಾರದ ತನಕ ನಾಲ್ಕು ದಿನ. ಆ ನಾಲ್ಕು ದಿನದಲ್ಲಿ ಬಾಯಿ ಮುಚ್ಚಿಕೊಂಡಿದ್ದವರು ಎಂಟು ತಿಂಗಳಾದ ಮೇಲೆ ಎಷ್ಟು ಚಂದ ಬರೆದ್ರೂ ಅದರಿಂದ ಒಂದು ಟಿಕೆಟ್ಟೂ ಹರಿಯಲ್ಲ.

ಪೇಪರ್‌ನಲ್ಲಿ ಬರೆಯೋ ಸ್ನೇಹಿತರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ವರ್ಷಕ್ಕೆ ಇನ್ನೂರರ ಮೇಲೆ ಕನ್ನಡ ಸಿನಿಮಾ ಬಿಡುಗಡೆ ಆಗುತ್ತೆ. ಕೆಲವು ಶುಕ್ರವಾರ ಎಂಟು ಹತ್ತು ಬರ್ತವೆ. ವಿಮರ್ಶೆಗೆ ಇರೋ ಜಾಗ ಅಂಗೈ ಅಗಲ. ಸ್ಟಾರ್ ಸಿನಿಮಾ ಬಿಟ್ಟು ಬೇರೆ ನೋಡ್ತೀನಿ ಅಂದ್ರೆ ಡೆಸ್ಕಿನಲ್ಲಿ ಕೇಳೋರಿಲ್ಲ. ಒಪ್ಪಿದೆ. ಆದ್ರೆ ಅವರು ಬೆಂಗಳೂರಲ್ಲಿದಾರೆ, ಪ್ರೆಸ್ ಶೋ ಇರುತ್ತೆ, ನಿರ್ದೇಶಕನೇ ಫೋನ್ ಮಾಡಿ ಕರೀತಾನೆ. ಹಿನಕಲ್‌ನಲ್ಲಿ ಕೂತಿರೋ ನನಗೆ ಇರೋ ನೆಪ ಅವರಿಗಿಲ್ಲ.

ಒಂದು ಉದಾಹರಣೆ ಕೊಡ್ತೀನಿ. ಜೈಶಂಕರ್ ಆರ್ಯರ್ ಅವರ 'ಶಿವಮ್ಮ ಯರೇಹಂಚಿನಾಳ' 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತ್ತು. ಕೊಪ್ಪಳ ಕಡೆಯ ಹಳ್ಳಿ, ಶಾಲೇಲಿ ಬಿಸಿಯೂಟ ಮಾಡೋ ಹೆಂಗಸು, ನೆಟ್‌ವರ್ಕ್ ಮಾರ್ಕೆಟಿಂಗ್‌ನ ಶಕ್ತಿಪೇಯ ಮಾರಿ ಬಡತನದಿಂದ ಎದ್ದೇಳ್ತೀನಿ ಅಂತ ಹೊರಡ್ತಾಳೆ. ನಮ್ಮ ಬೀದೀಲೇ ಇಂಥ ಡಬ್ಬ ಮಾರೋಕೆ ಹೋಗಿ ನೆಂಟರನ್ನೆಲ್ಲ ಕಳಕೊಂಡವರು ಮೂರು ಜನ ಇದಾರೆ. ನಮ್ಮ ಕಾಲದ ಕತೆ ಅಂದ್ರೆ ಇದೇ. ಆ ಸಿನಿಮಾ ಇಲ್ಲಿ ಬಿಡುಗಡೆ ಆಗಿದ್ದು 2024ರ ಜೂನ್ 14ಕ್ಕೆ. ಅದಕ್ಕೆ ಮೂರು ದಿನ ಮುಂಚೆ, ಜೂನ್ 11ರಂದು, ದರ್ಶನ್ ಬಂಧನ ಆಗಿತ್ತು, ಅದೂ ನಮ್ಮ ಮೈಸೂರಲ್ಲೇ. ಆ ವಾರ ಟಿವಿ ಹಾಕಿದ್ರೆ ಪೊಲೀಸ್ ಸ್ಟೇಷನ್ ಗೇಟು, ಪೇಪರ್ ತೆಗೆದ್ರೆ ಅದೇ ಗೇಟು. ಸುದ್ದಿ ದೊಡ್ಡದೇ, ಕೊಲೆ ಕೇಸು, ವರದಿ ಮಾಡಬೇಡಿ ಅಂತ ಯಾರೂ ಹೇಳಲ್ಲ. ಆದ್ರೆ ಸಿನಿಮಾ ಪುಟದ ಎಲ್ಲಾ ಪೆನ್ನುಗಳೂ ಅದೇ ಗೇಟಿನ ಮುಂದೆ ನಿಲ್ಲಬೇಕಾಗಿತ್ತಾ? ಬೂಸಾನ್‌ನಲ್ಲಿ ಗೆದ್ದ ದಿನ "ಹೆಮ್ಮೆ ಹೆಮ್ಮೆ" ಅಂದಿದ್ದ ಗುಂಪುಗಳಲ್ಲಿ ಜೂನ್ 14ರ ಶುಕ್ರವಾರ ನಾನು ಹುಡುಕಿದೆ. ಒಂದು ಗುಂಪಲ್ಲಿ ಒಬ್ಬ ಕೇಳಿದ್ದ: ಓಟಿಟಿಗೆ ಯಾವಾಗ ಬರುತ್ತೆ?

ಈಗ ನನ್ನ ನೆಪದ ಕತೆ. ಇದರಲ್ಲಿ ಸಿನಿಮಾ ಹೆಸರು ಬೇಡ, ಜಾಗದ ಹೆಸರೂ ಬೇಡ. ಕೆಲವು ವರ್ಷದ ಹಿಂದೆ ಒಂದು ಸಣ್ಣ ಕನ್ನಡ ಸಿನಿಮಾ ಬಂತು, ಇಡೀ ಮೈಸೂರಿಗೆ ಒಂದೇ ಶೋ. ಬೆಳಿಗ್ಗೆ ಹತ್ತೂವರೆಗೆ. ಬೆಳಿಗ್ಗೆ ಹತ್ತೂವರೆಗೆ ಯಾವನು ಸಿನಿಮಾ ನೋಡ್ತಾನೆ ಹೇಳಿ? ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ರಾತ್ರಿ ಪಾಳಿ ಮುಗಿಸಿದ ನನ್ನಂಥವನೇ ನೋಡಬೇಕು. ನಿದ್ದೆಗಣ್ಣಲ್ಲೇ ಬಸ್ ಹತ್ತಿ ಹೋದೆ. ಕೌಂಟರಿನಲ್ಲಿ ಹುಡುಗ ಹೇಳಿದ, "ಸಾರ್, ನೀವು ಸೇರಿ ಮೂರು ಜನ ಇದೀರಾ. ಇನ್ನಿಬ್ಬರು ಬಂದ್ರೆ ಹಾಕ್ತೀವಿ." ಕಾಯ್ತಾ ನಿಂತ್ವಿ. ಉಳಿದ ಇಬ್ಬರು ಗಂಡ ಹೆಂಡತಿ, ಕೆ.ಆರ್. ನಗರದಿಂದ ಬಂದಿದ್ರು, ಸಿನಿಮಾದಲ್ಲಿ ಅವರ ಸಂಬಂಧಿಕರ ಹುಡುಗ ಒಂದು ಪಾತ್ರ ಮಾಡಿದ್ನಂತೆ. ಹನ್ನೊಂದಾದ್ರೂ ಯಾರೂ ಬರಲಿಲ್ಲ. ದುಡ್ಡು ವಾಪಸ್ ಕೊಟ್ಟು ಕಳಿಸಿದ್ರು. ಆ ಯಮ್ಮ ಕೊನೇ ತನಕ, "ನಾವೇ ಇನ್ನೆರಡು ಟಿಕೆಟ್ ತಗೊಂಡ್ರೆ ಹಾಕ್ತೀರಾ?" ಅಂತ ಕೇಳ್ತಾನೇ ಇದ್ರು. ನನಗೆ ಆ ಐಡಿಯಾನೇ ಹೊಳೆದಿರಲಿಲ್ಲ ನೋಡಿ. ಜೇಬಲ್ಲಿ ದುಡ್ಡಿತ್ತು. ಎರಡು ಟಿಕೆಟ್ ನಾನೇ ತಗೋಬಹುದಿತ್ತು. ನಿದ್ದೆ ಬರ್ತಿತ್ತು, ಮನೆಗೆ ಬಂದೆ.

ಆ ಸಿನಿಮಾಕ್ಕೆ ಆಮೇಲೆ ಒಂದು ಪ್ರಶಸ್ತಿ ಬಂತು. ನಾನು ಬರೆದೆ. ಏನು ಬರೆದೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಆ ಶೋ ರದ್ದಾದ ವಿಷಯ ಮಾತ್ರ ಬರೀಲಿಲ್ಲ. ನಿಜವಾಗಿ ಬರೆಯೋದಕ್ಕೆ ಇದ್ದದ್ದು ಅದೊಂದೇ ಸಂಗತಿ.

ಹೋದವರ ವಿಷಯ ಇದಕ್ಕಿಂತ ಕಷ್ಟ. ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ್ರು. 'ಚೋಮನ ದುಡಿ'ಯ ವಾಸುದೇವ ರಾವ್, 'ತಬರನ ಕಥೆ'ಯ ಚಾರುಹಾಸನ್ ಆದ ಮೇಲೆ ಕನ್ನಡ ಸಿನಿಮಾಕ್ಕಾಗಿ ಅತ್ಯುತ್ತಮ ನಟ ಪ್ರಶಸ್ತಿ ತಂದ ಮೂರನೆಯವರು ಅವರು. ಬದುಕಿದ್ದಾಗ ಅವರ ಎಷ್ಟು ಸಿನಿಮಾಕ್ಕೆ ನಾವು ಮೊದಲ ವಾರ ಹೋಗಿದ್ವಿ? ಸತ್ತ ವಾರ ಎಲ್ಲರೂ ಎಲ್ಲಾ ಸಿನಿಮಾನೂ ನೋಡಿ ಮುಗಿಸಿದ್ರು, ನಾನೂ ಸೇರಿ. ಅವರ 'ತಲೆದಂಡ' ಅವರು ಹೋದ ಮೇಲೆ, 2022ರಲ್ಲಿ ಬಿಡುಗಡೆ ಆಯ್ತು. ಸತ್ತಾಗ ಅಷ್ಟು ಅತ್ತವರು ಅದಕ್ಕಾದ್ರೂ ಥಿಯೇಟರ್ ತುಂಬಿಸಬೇಕಿತ್ತು ಅಲ್ವಾ? ಅದರ ಬಗ್ಗೆ ನಮ್ಮ ಗುಂಪುಗಳಲ್ಲಿ ಮಾತು ಎದ್ದದ್ದು ಆ ಜುಲೈನಲ್ಲಿ ಅತ್ಯುತ್ತಮ ಪರಿಸರ ಚಿತ್ರ ಅಂತ ರಾಷ್ಟ್ರೀಯ ಪ್ರಶಸ್ತಿ ಬಂದ ಮೇಲೆ. ಅಂದ್ರೆ ನಮ್ಮನ್ನ ಸಿನಿಮಾ ನೋಡಿಸೋಕೆ ಆ ಮನುಷ್ಯ ಸತ್ತದ್ದೂ ಸಾಲದೇ ಹೋಯ್ತು.

ಇನ್ನೊಂದು ಅಪಾಯ ಇದೆ, ಅದರ ಬಗ್ಗೆ ಯಾರೂ ಮಾತಾಡಲ್ಲ. ಪಟ್ಟಿ ಬಂದ ಮೇಲೇ ನೋಡೋದು ಅಭ್ಯಾಸ ಆದ್ರೆ, ಪಟ್ಟಿಯಲ್ಲಿ ಇಲ್ಲದ್ದು ಪ್ರಪಂಚದಲ್ಲೇ ಇಲ್ಲ ಅಂತಾಗುತ್ತೆ. ಪೃಥ್ವಿ ಕೊಣನೂರು ಅವರ 'ಹದಿನೇಳೆಂಟು' 2022ರಲ್ಲಿ ಗೋವಾ ಚಿತ್ರೋತ್ಸವದ ಇಂಡಿಯನ್ ಪನೋರಮಾದ ಉದ್ಘಾಟನಾ ಚಿತ್ರ ಆಗಿತ್ತು. ಕಾಲೇಜು ಹುಡುಗ ಹುಡುಗಿಯ ಒಂದು ಖಾಸಗಿ ವಿಡಿಯೋ ಹೊರಗೆ ಬಂದಾಗ ಏನಾಗುತ್ತೆ, ಜಾತಿ ಅದರಲ್ಲಿ ಹೇಗೆ ಕೆಲಸ ಮಾಡುತ್ತೆ ಅನ್ನೋ ಕತೆ. 2022ನೇ ಸಾಲಿನ 70ನೇ ರಾಷ್ಟ್ರೀಯ ಪ್ರಶಸ್ತಿ 2024ರ ಆಗಸ್ಟ್‌ನಲ್ಲಿ ಬಂದಾಗ ಅತ್ಯುತ್ತಮ ಕನ್ನಡ ಚಿತ್ರ ಯಾವುದು ಗೊತ್ತಾ? 'ಕೆಜಿಎಫ್' ಎರಡನೇ ಭಾಗ. 'ಕಾಂತಾರ'ಕ್ಕೆ ರಿಷಬ್ ಶೆಟ್ಟಿ ಅತ್ಯುತ್ತಮ ನಟ. ಸಂತೋಷ, ಎರಡೂ ನಾನು ಥಿಯೇಟರಲ್ಲೇ ನೋಡಿದೀನಿ, 'ಕಾಂತಾರ' ಎರಡು ಸಲ. ಜ್ಯೂರಿಗೆ ಅವರ ರುಚಿ ಇರುತ್ತೆ, ಅದು ಅವರ ಹಕ್ಕು. ಆದ್ರೆ ಆ ವರ್ಷ ಬಿಟ್ಟುಹೋದದ್ದನ್ನ ಹುಡುಕಿ ನೋಡೋ ನಮ್ಮ ಜನಕ್ಕೆ ನೋಡೋಕೆ ಏನೂ ಇರಲಿಲ್ಲ. ಪಟ್ಟಿಯಲ್ಲಿರೋದನ್ನೆಲ್ಲ ಮೊದಲೇ ನೋಡಾಗಿತ್ತು! 'ಹದಿನೇಳೆಂಟು' ಲಿಂಕ್ ಯಾರೂ ಕೇಳಲಿಲ್ಲ. ಪಟ್ಟಿ ನೋಡಿ ಬರೆಯೋನಿಗೂ ವಿಮರ್ಶಕನಿಗೂ ಇರೋ ವ್ಯತ್ಯಾಸ ಇಷ್ಟೇ. ವಿಮರ್ಶಕ ಅನ್ನೋನು ಜ್ಯೂರಿ ಮಾತಾಡೋ ಮೊದಲು ತಾನು ಮಾತಾಡಿ, ಬೇಕಾದ್ರೆ ತಪ್ಪು ಮಾಡಿ, ನಗೆಪಾಟಲಾಗೋಕೂ ತಯಾರಿರಬೇಕು. ಪ್ರಶಸ್ತಿ ಬಂದ ಸಿನಿಮಾನ ಹೊಗಳೋದಕ್ಕೆ ಧೈರ್ಯ ಬೇಕಿಲ್ಲ. ಪ್ರಶಸ್ತಿ ಬಂದ ಸಿನಿಮಾನ "ಚೆನ್ನಾಗಿಲ್ಲ" ಅಂತ ಬರೆದವರನ್ನ ನೋಡಿದೀರಾ ನೀವು? ಎಲ್ಲವೂ ಸೂಕ್ಷ್ಮ, ಎಲ್ಲವೂ ಮನಮುಟ್ಟುವಂಥದ್ದು.

ಹಿಂದೆ ಹೀಗಿರಲಿಲ್ಲ ಅಂತ ನಮ್ಮ ಮೇಷ್ಟ್ರ ಥರ ಹೇಳೋಕೆ ನನಗೆ ವಯಸ್ಸಾಗಿಲ್ಲ. ಆದ್ರೂ 'ಸಂಸ್ಕಾರ' ನೋಡಿ. 1970ರ ಸಿನಿಮಾ, ಪಟ್ಟಾಭಿರಾಮ ರೆಡ್ಡಿ ನಿರ್ದೇಶನ. ಸೆನ್ಸಾರ್‌ನವರು ಮೊದಲು ತಡೆದ್ರು, ಆಮೇಲೆ ಬಿಟ್ಟರು. ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿದ್ದು ಅದೇ. ಆದ್ರೆ ಆ ಸಿನಿಮಾ ಬಗ್ಗೆ ಜನ ಕಿತ್ತಾಡಿದ್ದು ಅದರೊಳಗೆ ಇದ್ದ ಮಾತಿಗೆ, ಪದಕಕ್ಕಲ್ಲ.

ಇನ್ನು ಹೆಗ್ಗೋಡು. ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ 1973ರಲ್ಲಿ ನೀನಾಸಂ ಚಿತ್ರಸಮಾಜ ಶುರು ಮಾಡಿದ್ರು. ಅಡಿಕೆ ಸುಲಿಯೋ ಕೈಗಳು ಸಂಜೆ ಕೂತು ಕುರೋಸಾವಾ, ಸತ್ಯಜಿತ್ ರಾಯ್ ಸಿನಿಮಾ ನೋಡಿದವು. 1979ರಲ್ಲಿ ಪುಣೆ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಅವರನ್ನೇ ಕರೆಸಿ ಸಿನಿಮಾ ನೋಡೋದು ಹೇಗೆ ಅನ್ನೋ ಶಿಬಿರ ಮಾಡಿದ್ರು. ಆಮೇಲೆ ಎಂಬತ್ತರ ದಶಕದಲ್ಲಿ ಜನಸ್ಪಂದನ ಅಂತ ಊರೂರಿಗೆ ಸಿನಿಮಾ ಹೊತ್ತುಕೊಂಡು ಹೋದ್ರು. ರೀಲಿನ ಡಬ್ಬ ಹೊತ್ತು ಸ್ವಾಮೀ! ಬಸ್ಸಿನಲ್ಲಿ ತರಿಸಿ, ಪ್ರೊಜೆಕ್ಟರ್ ಹೂಡಿ, ಕರೆಂಟ್ ಹೋದ್ರೆ ಕಾದು. ನಮ್ಮ ಕೈಲಿರೋದು ಅಂಗೈಯಗಲದ ಫೋನು, ಅದರಲ್ಲಿ ಪ್ರಪಂಚದ ಸಿನಿಮಾ ಎಲ್ಲಾ ಇದೆ, ಆದ್ರೂ ಯಾವುದನ್ನ ನೋಡಬೇಕು ಅಂತ ದೆಹಲಿಯಿಂದ ಪಟ್ಟಿ ಬರೋ ತನಕ ಕಾಯ್ತೀವಿ. ಇಲ್ಲಾ ಅಂದ್ರೆ ವೆನಿಸ್‌ನಿಂದ. ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ' 1977ರದ್ದು, ಅವರ ಮೊದಲ ಸಿನಿಮಾ, ಸ್ವರ್ಣಕಮಲ ಬಂದದ್ದು. ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಅದನ್ನ ರಿಪೇರಿ ಮಾಡಿ, ಮಾರ್ಟಿನ್ ಸ್ಕಾರ್ಸೆಸೆ ಸಂಸ್ಥೆ ಜೊತೆ ಸೇರಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ರು. ಪುಣ್ಯದ ಕೆಲಸ. ಆ ವಾರ ನನಗೆ ಬಂದ ಮೆಸೇಜುಗಳನ್ನ ಲೆಕ್ಕ ಇಟ್ಟಿದೀನಿ, ಏಳು ಜನ ಲಿಂಕ್ ಕೇಳಿದ್ರು. ಏಳರಲ್ಲಿ ಇಬ್ಬರು ಕನ್ನಡ ಸಿನಿಮಾ ಬಗ್ಗೆ ಭಾಷಣ ಮಾಡೋರು.

ಮೈಸೂರಲ್ಲಿ ಅವಕಾಶನೇ ಇಲ್ವಾ ಅಂದ್ರೆ, ಹಾಗೂ ಅಲ್ಲ. ಹೌದು, ಶಾಂತಲಾ 2020ರಲ್ಲಿ ಮುಚ್ಚಿತು. ಒಂದೊಂದೇ ಹಳೇ ಟಾಕೀಸು ಬಾಗಿಲು ಹಾಕಿವೆ. ಮಲ್ಟಿಪ್ಲೆಕ್ಸ್ ಟಿಕೆಟ್ ರೇಟು ನಮ್ಮಂಥವರಿಗಲ್ಲ. 2025ರಲ್ಲಿ ಸರ್ಕಾರ 200 ರೂಪಾಯಿ ಮಿತಿ ಹಾಕಿತು, ಸೆಪ್ಟೆಂಬರಲ್ಲೇ ಹೈಕೋರ್ಟ್ ತಡೆ ಕೊಟ್ಟಿತು. ಕನ್ನಡ ಸಿನಿಮಾಗೆ ಸರ್ಕಾರದ್ದೇ ಓಟಿಟಿ ಅಂತ 2025ರ ಬಜೆಟ್‌ನಲ್ಲಿ ಹೇಳಿದ್ರು. ಕೇರಳದವರು ಸಿ-ಸ್ಪೇಸ್ ಅಂತ 2024ರ ಮಾರ್ಚ್‌ನಲ್ಲೇ ಶುರು ಮಾಡಿದ್ರು. ಆದ್ರೆ ದಸರಾ ಚಲನಚಿತ್ರೋತ್ಸವ ಇದೆ, ರಂಗಾಯಣದ ಬಹುರೂಪಿಯಲ್ಲಿ ಸಿನಿಮಾ ತೋರಿಸ್ತಾರೆ. ಹಿನಕಲ್‌ನಿಂದ ಬಸ್ ಹತ್ತಿದ್ರೆ ಎಷ್ಟೊತ್ತಿನ ದಾರಿ? ಬಹುರೂಪಿಯ ಒಂದು ಮಧ್ಯಾಹ್ನದ ಶೋನಲ್ಲಿ ಸುತ್ತ ತಿರುಗಿ ನೋಡಿದೆ. ಕಾಲೇಜು ಹುಡುಗರು, ಒಂದಷ್ಟು ನಾಟಕದವರು, ಊಟದ ಡಬ್ಬಿ ತಂದಿದ್ದ ಇಬ್ಬರು ವಯಸ್ಸಾದ ಹೆಂಗಸರು. ಸಿನಿಮಾ ಬಗ್ಗೆ ಬರೆಯೋರು ಅಂತ ನನಗೆ ಪರಿಚಯ ಇದ್ದವರು ಒಬ್ಬರೂ ಇರಲಿಲ್ಲ. ಆ ಇಬ್ಬರು ಹೆಂಗಸರು ಸಿನಿಮಾ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಅರ್ಧ ಗಂಟೆ ಜಗಳ ಆಡಿದ್ರು, ಕೊನೇಲಿ ಆ ಹುಡುಗಿ ವಾಪಸ್ ಹೋಗಿದ್ದು ಸರೀನಾ ಅಂತ. ನಾನು ವರ್ಷಗಟ್ಟಲೆ ಬರೆದಿರೋ ಯಾವ ವಿಮರ್ಶೆಗಿಂತಲೂ ಅದು ಚೆನ್ನಾಗಿತ್ತು. ಅವರಿಗೆ ಆ ಸಿನಿಮಾಕ್ಕೆ ಪ್ರಶಸ್ತಿ ಬಂದಿದೆಯೋ ಇಲ್ವೋ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಮೇಷ್ಟ್ರಿಗೆ ನಾನಿನ್ನೂ 'ಕಂದೀಲು' ಎಲ್ಲಿ ಸಿಗುತ್ತೆ ಅಂತ ಉತ್ತರ ಕೊಟ್ಟಿಲ್ಲ. ಅವತ್ತು ರಾತ್ರಿ ಬರೆದ ಹೆಮ್ಮೆಯ ನಾಲ್ಕು ಸಾಲನ್ನ ಮಾತ್ರ ತೆಗೆದು ಹಾಕಿದೀನಿ. ನೋಡಿದ ಮೇಲೆ ಬರೀತೀನಿ, ಇಷ್ಟ ಆಗಲಿಲ್ಲ ಅಂದ್ರೆ ಅದನ್ನೂ ಬರೀತೀನಿ.

ಈ ವಾರದಿಂದ ಒಂದು ಕೆಲಸ ಶುರು ಮಾಡಿದೀನಿ. ಪ್ರತಿ ಗುರುವಾರ ರಾತ್ರಿ, ಮಾರನೇ ದಿನ ಮೈಸೂರಲ್ಲಿ ಯಾವ ಸಣ್ಣ ಕನ್ನಡ ಸಿನಿಮಾ ಬರ್ತಿದೆ, ಯಾವ ಪರದೆ, ಎಷ್ಟು ಗಂಟೆಗೆ ಅಂತ ಇಲ್ಲೇ ಮೂರು ಸಾಲು ಹಾಕ್ತೀನಿ. ಬೆಳಿಗ್ಗೆ ಹತ್ತೂವರೆ ಶೋ ಆದ್ರೆ ಮೊದಲೇ ಹೇಳಿ, ಐದು ಜನ ಒಟ್ಟು ಮಾಡ್ಕೊಂಡು ಹೋಗೋಣ. ಮೇಷ್ಟ್ರು ಬರ್ತೀನಿ ಅಂದಿದಾರೆ. ಅಂದ್ರೆ ಇಬ್ಬರಾದ್ವಿ, ಇನ್ನು ಮೂರು ಜನ ಬೇಕು. ಯಾರೂ ಬರಲಿಲ್ಲ ಅಂದ್ರೆ ಉಳಿದ ಮೂರು ಟಿಕೆಟ್ ನಾನೇ ತಗೋತೀನಿ.